ಸೊಲ್ಲಾಪುರದ ಸಣ್ಣ ಕಾರಖಾನೆಗಳು: ಒಂದು ಊರು ಬಾಳಿದ ಬಗೆ

ಒಂದು ಊರಿನ ಚರಿತ್ರೆಯನ್ನು ಬರೆಯಲು ಹೊರಟವರ ಕಣ್ಣು ಮೊದಲು ಎತ್ತರವಾದುದರ ಮೇಲೆ ಬೀಳುವುದು ಸಹಜ. ಸೊಲ್ಲಾಪುರದಲ್ಲಿ ಹಾಗೆ ಕಣ್ಣಿಗೆ ಬಿದ್ದ ಎತ್ತರಗಳು ಮೂರು: ಮಧ್ಯಯುಗದ ಕೋಟೆಯ ಬುರುಜುಗಳು, ಕೆರೆಯ ನಡುವಣ ಸಿದ್ಧರಾಮೇಶ್ವರನ ಗುಡಿಯ ಶಿಖರ, ಮತ್ತು ಬಹುಕಾಲ ಈ ಊರಿನ ಗುರುತಾಗಿದ್ದ ಬಟ್ಟೆ ಗಿರಣಿಗಳ ಚಿಮಣಿಗಳು. ಕೋಟೆಯನ್ನು ಕುರಿತು ರಾಜರ ಚರಿತ್ರೆ ಹೇಳುವವರು ಬರೆದಿದ್ದಾರೆ; ಗುಡಿಯನ್ನು ಕುರಿತು ಭಕ್ತರು ಬರೆದಿದ್ದಾರೆ; ಗಿರಣಿಗಳನ್ನು ಕುರಿತು ಅರ್ಥಶಾಸ್ತ್ರಜ್ಞರೂ ಕಾರ್ಮಿಕ ನಾಯಕರೂ ಬರೆದಿದ್ದಾರೆ. ಈ ಮೂರರ ನೆರಳಿನಲ್ಲಿ, ಸಾಖರ ಪೇಟೆ, ಭವಾನಿ ಪೇಟೆ, ದಾಜಿ ಪೇಟೆಗಳ ತಗ್ಗು ಮಾಡಿನ ಮನೆಗಳಲ್ಲಿ, ಹಗಲೆಲ್ಲ ಲಾಳಿಯ ಸದ್ದು ಕೇಳಿಸುತ್ತಿದ್ದ ಸಣ್ಣ ಕಾರಖಾನೆಗಳ ಕಡೆಗೆ ತಿರುಗಿದ ಲೇಖನಿಗಳು ಕಡಿಮೆ. ಸೊಲ್ಲಾಪುರವನ್ನು ಪಟ್ಟಣವನ್ನಾಗಿ ಕಟ್ಟಿದವರಲ್ಲಿ, ಕಟ್ಟಿದ್ದನ್ನು ಕುಸಿಯದಂತೆ ಹಿಡಿದವರಲ್ಲಿ ಮೊದಲ ಪಂಕ್ತಿಗೆ ಸಲ್ಲಬೇಕಾದವರು ಈ ತಗ್ಗು ಮಾಡಿನವರೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಹಾಗೆ ಹಿಡಿದು ನಿಲ್ಲಿಸಿದುದಕ್ಕೆ ಯಾರು ಬೆಲೆ ತೆತ್ತರು ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ.

ಸಣ್ಣ ವ್ಯವಹಾರವೆಂದರೆ ಹೊಟ್ಟೆಪಾಡು, ದೊಡ್ಡ ಉದ್ಯಮವೆಂದರೆ ಅಭಿವೃದ್ಧಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನಾಲ್ಕು ಮಗ್ಗಗಳ ಒಡೆಯನನ್ನು, ಜೋಳದ ಅಡತಿಯವನನ್ನು, ಖಾನಾವಳಿ ನಡೆಸುವವಳನ್ನು ಯಾರೂ ಊರಿನ ನಿರ್ಮಾಪಕರೆಂದು ಕರೆಯುವುದಿಲ್ಲ. ಸೊಲ್ಲಾಪುರದ ಕಳೆದ ನೂರೈವತ್ತು ವರ್ಷಗಳ ವೃತ್ತಾಂತ ಈ ಭಾವನೆಯನ್ನು ಒರೆಗೆ ಹಚ್ಚುವುದಕ್ಕೆ ತಕ್ಕ ಉದಾಹರಣೆ.

ಈ ಊರಿನ ಮಣ್ಣಿನಲ್ಲಿಯೇ ಕಾಯಕದ ನೆನಪು ಇದೆ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ; ಕೆರೆ ತೋಡಿಸಿದ ಶರಣ ಸಿದ್ಧರಾಮನ ಊರು. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಿಂದಾಗಿ ಕನ್ನಡ ಕಾವ್ಯಲೋಕದಲ್ಲಿ ಇದಕ್ಕೆ ಶಾಶ್ವತ ಸ್ಥಾನ ದೊರೆತಿದೆ. ನೇಕಾರನೇ ವಚನಕಾರನಾದ ಜೇಡರ ದಾಸಿಮಯ್ಯನ ನಾಡೂ ಇಲ್ಲಿಂದ ಬಹು ದೂರವಲ್ಲ. ಆ ಕಾಲದಿಂದ ಈ ಕಾಲಕ್ಕೆ ನೇರವಾದ ಗೆರೆಯೊಂದನ್ನು ಎಳೆಯುವುದು ಚರಿತ್ರೆಗೆ ನ್ಯಾಯವಾಗದು. ಆದರೂ ಕೈಕೆಲಸಕ್ಕೆ ಗೌರವವಿದ್ದ ಸಂಸ್ಕಾರವೊಂದು ಈ ಸೀಮೆಯ ಜನಕ್ಕೆ ಹೊಸದಾಗಿರಲಿಲ್ಲ ಎಂದಷ್ಟೇ ಹೇಳಬಹುದು.

೧೮೧೮ರ ಮೇ ತಿಂಗಳಿನಲ್ಲಿ ಮನ್ರೋ ಸಾಹೇಬನ ಸೈನ್ಯಕ್ಕೆ ಕೋಟೆ ವಶವಾಯಿತು. ಆಗ ಸೊಲ್ಲಾಪುರ ದಖ್ಖನಿನ ಒಂದು ವ್ಯಾಪಾರದ ಪೇಟೆ. ಪಶ್ಚಿಮಕ್ಕೆ ಪುಣೆ, ಪೂರ್ವಕ್ಕೆ ನಿಜಾಮನ ರಾಜ್ಯ, ದಕ್ಷಿಣಕ್ಕೆ ವಿಜಾಪುರದ ಜೋಳದ ಸೀಮೆ. ಮೂರು ದಿಕ್ಕಿನ ಸರಕು ಎತ್ತಿನ ಗಾಡಿಗಳಲ್ಲಿ, ಹೇರೆತ್ತುಗಳ ಮೇಲೆ ಇಲ್ಲಿ ಬಂದು ಇಳಿಯುತ್ತಿತ್ತು. ೧೮೬೦ರಲ್ಲಿ ಮುಂಬಯಿಯ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ರೈಲು ಬಂದಿತು. ೧೮೭೧ರಲ್ಲಿ ಅದೇ ದಾರಿ ರಾಯಚೂರಿನಲ್ಲಿ ಮದರಾಸಿನ ರೈಲನ್ನು ಕೂಡಿಕೊಂಡಿತು. ೧೮೮೦ರ ದಶಕದಲ್ಲಿ ಪಕ್ಕದ ಹೋಟಗಿಯಿಂದ ವಿಜಾಪುರದ ಮಾರ್ಗವಾಗಿ ಗದಗಿನವರೆಗೆ ಮೀಟರ್ ಗೇಜಿನ ಹಳಿ ಬಿದ್ದಿತು. ಇದರಿಂದ ಹತ್ತಿ, ಜೋಳ, ಶೇಂಗಾಗಳು ಹೊರಗೆ ಹೋಗುವುದು ಸುಲಭವಾಯಿತು. ಹಾಗೆಯೇ ಮ್ಯಾಂಚೆಸ್ಟರಿನ ಅಗ್ಗದ ಬಟ್ಟೆ ಒಳಗೆ ಬರುವುದೂ ಸುಲಭವಾಯಿತು.

ರೈಲು ಬಂದ ಊರುಗಳಲ್ಲಿ ಕೈಮಗ್ಗ ಅಳಿದುಹೋಗುವುದೆಂದು ಅಂದಿನ ವಿಚಾರವಂತರು ಎಣಿಸಿದ್ದರು. ಅನೇಕ ಊರುಗಳಲ್ಲಿ ಹಾಗೆ ಆಯಿತು ಕೂಡ. ಮೇಲೆ ೧೮೭೬-೭೮ರ ಮಹಾಕ್ಷಾಮ ಬಂದಿತು. ಬೆಳೆ ಹೋದಾಗ ರೈತನು ಮೊದಲು ನಿಲ್ಲಿಸುವುದು ಬಟ್ಟೆ ಕೊಳ್ಳುವುದನ್ನು. ಆದುದರಿಂದ ರೈತನೊಡನೆಯೇ ನೇಕಾರನೂ ಬೀದಿಗೆ ಬಿದ್ದನು. ಇಷ್ಟೆಲ್ಲ ಆದರೂ ಸೊಲ್ಲಾಪುರದಲ್ಲಿ ಮಗ್ಗ ನಿಲ್ಲಲಿಲ್ಲ. ಆಮೇಲಿನ ದಶಕಗಳಲ್ಲಿ ಇಲ್ಲಿಗೆ ವಲಸೆ ಬಂದ ನೇಕಾರರ ಸಂಖ್ಯೆ ಏರುತ್ತಲೇ ಹೋಯಿತು. ನಿಜಾಮನ ತೆಲಂಗಾಣದ ಹಳ್ಳಿಗಳಿಂದ ತೆಲುಗು ನುಡಿಯ ಪದ್ಮಶಾಲಿ ಕುಟುಂಬಗಳು ಬಂದು ಊರಿನ ಪೂರ್ವಭಾಗದಲ್ಲಿ ನೆಲೆಸಿದವು. ಮೊದಲಿನಿಂದ ಇದ್ದ ಸಾಳಿಗಳು, ಕೋಷ್ಟಿಗಳು, ಮೋಮಿನರು, ಕನ್ನಡ ನುಡಿಯ ಜೇಡರು ಇವರೊಡನೆ ಈ ಹೊಸಬರೂ ಸೇರಿ ಸೊಲ್ಲಾಪುರ ನೇಕಾರರ ಊರಾಯಿತು.

೧೮೭೭ರಲ್ಲಿ ಊರಿನ ಮೊದಲ ಗಿರಣಿ ತಿರುಗತೊಡಗಿತು. ಮುಂಬಯಿಯ ಉದ್ಯಮಿ ಮೊರಾರ್ಜಿ ಗೋಕುಲದಾಸರು ಸ್ಥಾಪಿಸಿದ ಶೋಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿಯ ಈ ಗಿರಣಿಯನ್ನು ಜನರು ‘ಹಳೆ ಗಿರಣಿ’ಯೆಂದೇ ಕರೆದರು. ಮುಂದೆ ನರಸಿಂಗಗಿರಜಿ, ಲಕ್ಷ್ಮಿ, ವಿಷ್ಣು, ಜಾಮ ಗಿರಣಿಗಳು ಒಂದರ ಹಿಂದೆ ಒಂದು ಎದ್ದವು. ಗಿರಣಿ ಬಂದುದರಿಂದ ಮಗ್ಗ ಕೆಟ್ಟಿತೆಂದು ತಿಳಿಯುವುದು ಸರಿಯಲ್ಲ. ಗಿರಣಿಯವರು ನೂಲನ್ನು ಮಾರುತ್ತಿದ್ದರು. ಮಗ್ಗದವರು ಅದನ್ನು ಕೊಳ್ಳುತ್ತಿದ್ದರು. ದೂರದಿಂದ ನೂಲು ತರಿಸಬೇಕಾಗಿದ್ದ ನೇಕಾರನಿಗೆ ಊರಿನಲ್ಲಿಯೇ ಅದು ಸಿಕ್ಕುವಂತಾಯಿತು. ದೊಡ್ಡದು ಸಣ್ಣದನ್ನು ನುಂಗುವುದೂ ಉಂಟು, ಸಾಕುವುದೂ ಉಂಟು. ಸೊಲ್ಲಾಪುರದಲ್ಲಿ ಎರಡೂ ಏಕಕಾಲಕ್ಕೆ ನಡೆದವು.

ಈಗ ಈ ಸಣ್ಣ ಕಾರಖಾನೆಯ ಒಳಗೆ ಹೋಗಿ ನೋಡೋಣ. ಮೊದಲು ನೇಕಾರನು ತನ್ನ ಮನೆಯಲ್ಲಿ ತನ್ನ ಮಗ್ಗದಲ್ಲಿ ನೇಯುತ್ತಿದ್ದನು. ಹೆಂಡತಿ ಕಂಡಿಕೆ ಸುತ್ತುವಳು, ಮಕ್ಕಳು ಎಳೆ ಜೋಡಿಸುವರು. ವ್ಯಾಪಾರ ಕುದುರಿದವನು ಎರಡನೆಯ ಮಗ್ಗ ಹೂಡಿದನು, ಬಳಿಕ ನಾಲ್ಕು, ಬಳಿಕ ಹತ್ತು. ಊರಿಂದ ಬಂದ ನಂಟರನ್ನೂ ಜಾತಿಯವರನ್ನೂ ಕೂಲಿಗೆ ಕೂಡಿಸಿಕೊಂಡನು. ಹೀಗೆ ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಕಾರಖಾನೆದಾರನೆಂಬ ಹೊಸ ವರ್ಗ ಹುಟ್ಟಿಕೊಂಡಿತು. ಇವನು ಗಿರಣಿಯ ಯಜಮಾನನೂ ಅಲ್ಲ, ಬರಿಯ ನೇಕಾರನೂ ಅಲ್ಲ. ನೂಲಿನ ಅಂಗಡಿಯವನ ಹತ್ತಿರ ಉದ್ರಿ ತರುವನು; ಬಣ್ಣಗಾರನಿಗೆ ಕೊಟ್ಟು ಬಣ್ಣ ಹಾಕಿಸುವನು; ಹಾಸು ಹೂಡಿಸಿ, ಗಂಜಿ ಮಾಡಿಸಿ, ನೇಯಿಸಿ, ಜವಳಿ ವ್ಯಾಪಾರಿಗೆ ಮಾರುವನು; ಅವನಿಂದ ಹಣ ಬಂದ ಮೇಲೆ ನೂಲಿನವನ ಬಾಕಿ ತೀರಿಸುವನು. ಕೈಯಲ್ಲಿ ರೋಖ ಇರುವುದು ವಾರದ ಬಟವಾಡೆಯ ದಿನ ಮಾತ್ರ.

ಊರಿನ ಆರ್ಥಿಕ ಬೆಳವಣಿಗೆಯ ಮರ್ಮ ಇರುವುದು ಆ ಬಟವಾಡೆಯ ದಿನದಲ್ಲಿಯೇ. ಮಗ್ಗದ ಕೂಲಿ ಅಂದೇ ಸಂಜೆ ಮಂಗಳವಾರ ಪೇಟೆಯ ಜೋಳದ ಅಂಗಡಿಗೆ, ಎಣ್ಣೆಯ ಅಂಗಡಿಗೆ, ಖಾನಾವಳಿಗೆ, ಚಹದಂಗಡಿಗೆ ಹೋಗುವುದು. ಮಗ್ಗಕ್ಕೆ ಮರಗೆಲಸದವನು ಬೇಕು, ಹಣಿಗೆ ಕಟ್ಟುವವನು ಬೇಕು, ಕಬ್ಬಿಣದ ಕೆಲಸದವನು ಬೇಕು. ಗಂಟು ಕಟ್ಟುವವನು, ಹೊರುವ ಹಮಾಲನು, ಕೈಗಾಡಿಯವನು ಬೇಕು. ಗಿರಣಿಗೆ ಯಂತ್ರ ವಿಲಾಯತಿಯಿಂದ ಬಂದರೆ ಅದರ ಬೆಲೆ ವಿಲಾಯತಿಗೇ ಹೋಯಿತು. ಲಾಭಾಂಶವೂ ಬಹುಪಾಲು ಮುಂಬಯಿಯ ಪಾಲುದಾರರಿಗೆ ಹೋಯಿತು. ಮಗ್ಗದ ಮರ ಸೊಲ್ಲಾಪುರದ ಬಡಿಗನ ಕೈಯಿಂದ ಬಂದುದು. ಅದರ ಲಾಭ ಸ್ವಲ್ಪವಾದರೂ ಊರಿನ ಬೀದಿಯಲ್ಲಿಯೇ ತಿರುಗಿತು. ಒಂದು ರೂಪಾಯಿ ಊರು ಬಿಡುವ ಮೊದಲು ಎಷ್ಟು ಕೈ ದಾಟುವುದೋ ಅಷ್ಟು ಮನೆಗಳಲ್ಲಿ ಒಲೆ ಉರಿಯುವುದು. ದೊಡ್ಡ ಗ್ರಂಥಗಳು ಇದನ್ನು ಬೇರೆ ಹೆಸರಿನಿಂದ ಕರೆಯಬಹುದು. ಪೇಟೆಯ ಜನಕ್ಕೆ ಇದು ಗೊತ್ತಿದ್ದ ಸಂಗತಿ.

ಗಿರಣಿಯ ಎದುರಿನಲ್ಲಿ ಈ ಕಾರಖಾನೆ ಉಳಿದುದು ಹೇಗೆ? ಒಂದೇ ಬಗೆಯ ಬಟ್ಟೆಯನ್ನು ಸಾವಿರಾರು ಗಜ ನೇಯುವುದರಲ್ಲಿ ಗಿರಣಿಯನ್ನು ಮೀರಿಸುವವರಿಲ್ಲ. ಆದರೆ ಹಳ್ಳಿಯ ಹೆಂಗಸಿನ ಸೀರೆ ಒಂದೇ ಬಗೆಯದಲ್ಲ. ಸೀಮೆಗೊಂದು ಅಂಚು, ಜಾತಿಗೊಂದು ಬಣ್ಣ, ಮದುವೆಗೊಂದು ಸೆರಗು. ಹತ್ತು ಸೀರೆ ಒಂದು ಬಗೆಯಲ್ಲಿ ನೇಯ್ದು ಹನ್ನೊಂದನೆಯದನ್ನು ಬೇರೆ ಬಗೆಯಲ್ಲಿ ನೇಯುವುದು ಸಣ್ಣ ಕಾರಖಾನೆಗೆ ಸುಲಭ, ಗಿರಣಿಗೆ ನಷ್ಟ. ಒಂಬತ್ತು ಗಜದ ಅಂಚಿನ ಸೀರೆಯೇ ಸೊಲ್ಲಾಪುರದ ಮಗ್ಗವನ್ನು ಕಾಪಾಡಿತೆಂದರೆ ಅತಿಶಯೋಕ್ತಿಯಲ್ಲ.

ಎರಡನೆಯ ಕಾರಣ, ಹೊಸದನ್ನು ಒಪ್ಪಿಕೊಂಡ ಬುದ್ಧಿ. ಸಣ್ಣ ಕಸುಬಿನವರು ಹಳೆಯದಕ್ಕೇ ಜೋತುಬೀಳುವರೆಂಬ ಆಪಾದನೆ ಉಂಟು. ಸೊಲ್ಲಾಪುರದಲ್ಲಿ ಅದು ಸುಳ್ಳಾಯಿತು. ಕೈಯಿಂದ ತೂರುವ ಲಾಳಿಯ ಬದಲು ಹಗ್ಗ ಜಗ್ಗಿದರೆ ತಾನೇ ಓಡುವ ಲಾಳಿಯನ್ನು ಇಂಗ್ಲೆಂಡಿನ ಜಾನ್ ಕೇ ೧೭೩೩ರಲ್ಲಿಯೇ ಕಂಡುಹಿಡಿದಿದ್ದನು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಇಲಾಖೆಯಲ್ಲಿ ಅದರ ಪ್ರಚಾರ ನಡೆದಾಗ ಬೇಗನೆ ಕೈಗೆತ್ತಿಕೊಂಡ ಊರುಗಳಲ್ಲಿ ಸೊಲ್ಲಾಪುರ ಒಂದು. ರಾಸಾಯನಿಕ ಬಣ್ಣ ಬಂದಾಗ ಅದನ್ನು ಹಿಡಿದರು. ಅಂಚಿನಲ್ಲಿ ಹೂಬಳ್ಳಿ ತೆಗೆಯುವ ಡಾಬಿ ಬಂದಾಗ ಮಗ್ಗದ ಮೇಲೆ ಏರಿಸಿದರು. ಕೃತಕ ರೇಷ್ಮೆ ಬಂದಾಗ ಅದನ್ನೂ ಹೊಕ್ಕಿನಲ್ಲಿ ಸೇರಿಸಿದರು. ಪರಂಪರೆಯನ್ನು ಉಳಿಸಬೇಕೆಂಬ ಹಂಬಲದಿಂದ ಇದನ್ನು ಮಾಡಲಿಲ್ಲ, ನಾಳೆಯ ಗಿರಾಕಿಯನ್ನು ಉಳಿಸಿಕೊಳ್ಳಲು ಮಾಡಿದರು. ಪರಂಪರೆ ಅದರಿಂದಲೇ ಉಳಿಯಿತು.

ಈ ವ್ಯವಹಾರದಲ್ಲಿ ಕನ್ನಡಿಗರ ಪಾಲು ಯಾವುದೆಂದು ವಾಚಕರು ಕೇಳಬಹುದು. ಮಗ್ಗದ ಮೇಲೆ ತೆಲುಗು ಹೆಚ್ಚಾಗಿ ಕೇಳಿಸಿದರೆ, ಅಡತಿಯ ಕಟ್ಟೆಯ ಮೇಲೆ ಕನ್ನಡ ಕೇಳಿಸುತ್ತಿತ್ತು. ಅಕ್ಕಲಕೋಟೆಯ, ದಕ್ಷಿಣ ಸೊಲ್ಲಾಪುರದ, ಇಂಡಿ-ವಿಜಾಪುರಗಳ ರೈತನು ಜೋಳವನ್ನೋ ಶೇಂಗಾವನ್ನೋ ತಂದು ಇಳಿಸುತ್ತಿದ್ದುದು ಕನ್ನಡ ಮಾತನಾಡುವ ಲಿಂಗಾಯತ ವ್ಯಾಪಾರಿಯ ಅಂಗಡಿಯಲ್ಲಿ. ಮಾಲು ಮಾರಿದ ಹಣದಲ್ಲಿ ಅವನು ಮನೆಯವರಿಗೆ ಸೀರೆಯನ್ನು ಕೊಂಡು ಹಿಂದಿರುಗುವನು. ಜೋಳದ ಹಣ ಮಗ್ಗಕ್ಕೆ, ಮಗ್ಗದ ಕೂಲಿ ಜೋಳಕ್ಕೆ: ಹಳ್ಳಿಗೂ ಪಟ್ಟಣಕ್ಕೂ ನಡುವೆ ಈ ಹಾಸುಹೊಕ್ಕನ್ನು ನೇಯ್ದವನು ಅಡತಿಯವನು. ಮಕರ ಸಂಕ್ರಮಣದ ಸಿದ್ಧರಾಮೇಶ್ವರನ ಜಾತ್ರೆ ನಂದಿಧ್ವಜಗಳ ಉತ್ಸವವಾಗಿರುವಂತೆಯೇ ದನಕರುಗಳ, ಪಾತ್ರೆ-ಬಟ್ಟೆಗಳ ದೊಡ್ಡ ಸಂತೆಯೂ ಆಗಿತ್ತು. ವ್ಯಾಪಾರದಿಂದ ಮೇಲೆ ಬಂದವರಲ್ಲಿ ಅಪ್ಪಾಸಾಹೇಬ ವಾರದರ ಹೆಸರು ಪ್ರಸಿದ್ಧ. ಅವರು ಕಟ್ಟಿಸಿದ ಇಂದ್ರಭವನವೆಂಬ ಭವ್ಯ ಮಂದಿರ ಮುಂದೆ ನಗರಪಾಲಿಕೆಯ ಕಚೇರಿಯಾಯಿತು. ವ್ಯಾಪಾರಿಯ ಮನೆಯಿಂದಲೇ ಊರಿನ ಆಡಳಿತ ನಡೆದುದು ಸೊಲ್ಲಾಪುರಕ್ಕೆ ಒಪ್ಪುವ ಸಂಗತಿ. ಮರಾಠಿ, ಕನ್ನಡ, ತೆಲುಗು, ಉರ್ದು, ಗುಜರಾತಿಗಳು ಒಂದೇ ಪೇಟೆಯಲ್ಲಿ ಬಾಳಿದವು. ಒಬ್ಬನೇ ಅಂಗಡಿಕಾರನು ಒಂದೇ ಮುಂಜಾನೆ ಮೂರು ಭಾಷೆಗಳಲ್ಲಿ ದರ ಹೇಳುವುದು ಈ ಊರಿನಲ್ಲಿ ಪಾಂಡಿತ್ಯವಲ್ಲ, ಕಸುಬು.

ಸಣ್ಣ ವ್ಯವಹಾರದ ದುರ್ಬಲ ಸ್ಥಾನ ಬಂಡವಾಳ. ಉದ್ರಿಯ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಎಲ್ಲ ಕಳಚುವುದು. ೧೮೯೬-೯೭ರ ಬರಗಾಲದಲ್ಲಿ ಜವಳಿ ಮಾರಾಟ ನಿಂತು ಸೊಲ್ಲಾಪುರದ ಮಗ್ಗಗಳು ಮೌನವಾದಾಗ ಲೋಕಮಾನ್ಯ ಟಿಳಕರು ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡುವ ಯೋಜನೆಯೊಂದನ್ನು ಸ್ಥಳೀಯ ವ್ಯಾಪಾರಸ್ಥರ ಸಹಕಾರದಿಂದ ಹೂಡಿದರು. ಸರಕಾರ ಅದಕ್ಕೆ ಒಪ್ಪಿಗೆಯನ್ನು ಕೊಡಲಿಲ್ಲ. ಆ ಯೋಜನೆಯ ಹಿಂದಿನ ವಿಚಾರ ಗಮನಾರ್ಹವಾದುದು: ನೇಕಾರನನ್ನು ಕಲ್ಲು ಒಡೆಯಲು ಕಳಿಸಿದರೆ ಅವನ ಹೊಟ್ಟೆ ಒಂದು ತಿಂಗಳು ತುಂಬೀತು, ಆದರೆ ಅವನ ಬೆರಳಿನ ಹದ ಹೋದೀತು, ಹದ ಹೋದರೆ ಮಳೆ ಬಂದ ಮೇಲೂ ಊರು ಏಳಲಾರದು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂದಿತು. ಮರುವರ್ಷವೇ, ಇದೇ ಮುಂಬಯಿ ಇಲಾಖೆಯಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಸಹಕಾರ ಸಂಘ ಹುಟ್ಟಿತು. ಸಾಹುಕಾರನ ಬಾಗಿಲಿಗೆ ಹೋಗದೆ ಸಣ್ಣವನು ಸಾಲ ಪಡೆಯಬಹುದೆಂಬ ಆ ವಿಚಾರ ಮುಂದೆ ನೇಕಾರರ ಸಂಘಗಳ ರೂಪದಲ್ಲಿಯೂ ಬೆಳೆಯಿತು. ನೂಲು, ಬಣ್ಣ, ಮಾರಾಟ ಈ ಮೂರನ್ನೂ ಸಂಘವು ತಾನೇ ಹಿಡಿದ ಕಡೆ ನೇಕಾರನಿಗೆ ಉಸಿರಾಡಲು ಅವಕಾಶ ಸಿಕ್ಕಿತು. ಸಾಲ ಮಾತ್ರ ಕೊಟ್ಟು ಕೈತೊಳೆದುಕೊಂಡ ಕಡೆ ಅವನು ಮತ್ತೆ ವ್ಯಾಪಾರಿಯ ಕೈಗೇ ಬಿದ್ದನು.

ಸ್ವಾತಂತ್ರ್ಯ ಬಂದ ಎರಡೇ ವರ್ಷಕ್ಕೆ ಸೊಲ್ಲಾಪುರದಲ್ಲಿ ನಡೆದ ಘಟನೆಯೊಂದು ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರವನ್ನು ಇಡೀ ದೇಶಕ್ಕೆ ತೋರಿಸಿತು. ೧೯೪೯ರ ಆಗಸ್ಟ್ ತಿಂಗಳಿನಲ್ಲಿ ಹಳೆ ಗಿರಣಿಯ ಬಾಗಿಲು ಮುಚ್ಚಿತು. ಒಂದೇ ಬಾಗಿಲು ಮುಚ್ಚಿದುದರಿಂದ ಸಾವಿರಾರು ಸಂಸಾರಗಳು ನಿರಾಧಾರವಾದವು. ೧೯೫೦ರ ಜನವರಿಯಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆಯಿಂದ ಗಿರಣಿಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಅದೇ ವರ್ಷ ಈ ಒಂದು ಕಂಪನಿಗಾಗಿಯೇ ಪಾರ್ಲಿಮೆಂಟು ಕಾಯದೆ ಮಾಡಿತು. ಪಾಲುದಾರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೫೦ರ ಡಿಸೆಂಬರಿನ ತೀರ್ಪು ಸರಕಾರದ ಪರವಾಯಿತು. ೧೯೫೩ರ ಡಿಸೆಂಬರಿನ ಇನ್ನೊಂದು ತೀರ್ಪು ಅದಕ್ಕೆ ವಿರುದ್ಧವಾಯಿತು. ಆಸ್ತಿಯ ಹಕ್ಕನ್ನು ಕುರಿತ ಸಂವಿಧಾನದ ಚರ್ಚೆಯಲ್ಲಿ ಸೊಲ್ಲಾಪುರದ ಹೆಸರು ಇಂದಿಗೂ ಕೇಳಿಬರುವುದು ಈ ಗಿರಣಿಯ ದೆಸೆಯಿಂದ. ದೊಡ್ಡ ಗಿರಣಿಗೆ ಕಷ್ಟ ಬಂದರೆ ದಿಲ್ಲಿಯೇ ಕದಲುವುದು. ಅದೇ ಕಾಲದಲ್ಲಿ ಹತ್ತು ಮಗ್ಗಗಳ ಕಾರಖಾನೆಯೊಂದು ಮುಚ್ಚಿದ್ದರೆ ಪಕ್ಕದ ಓಣಿಗೂ ಸುದ್ದಿಯಾಗುತ್ತಿರಲಿಲ್ಲ. ಆದರೆ ಮುಚ್ಚಿದ ಆ ಹತ್ತು ಮಗ್ಗಗಳನ್ನು ಇನ್ನೊಬ್ಬನು ಕೊಂಡು ಇನ್ನೊಂದು ಓಣಿಯಲ್ಲಿ ಹೂಡುವನು. ಕೈಗಳೂ ಅಲ್ಲಿಗೆ ಹೋಗುವವು. ಒಂದೇ ಕಂಬದ ಮೇಲೆ ನಿಂತ ಮನೆಗೂ ನೂರು ಗಳುಗಳ ಮೇಲೆ ನಿಂತ ಚಪ್ಪರಕ್ಕೂ ಇರುವ ವ್ಯತ್ಯಾಸ ಇದು.

ಐವತ್ತರ ದಶಕ ಮುಖ್ಯವಾದುದು. ೧೯೫೦ರಲ್ಲಿ ಸರಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿತು. ಕಾನುಂಗೊ ಸಮಿತಿ ಕೈಮಗ್ಗಗಳನ್ನು ಕ್ರಮೇಣ ವಿದ್ಯುತ್ ಮಗ್ಗಗಳಾಗಿ ಮಾರ್ಪಡಿಸಬೇಕೆಂದು ಹೇಳಿತು. ೧೯೫೫ರಲ್ಲಿ ಕರ್ವೆ ಸಮಿತಿ ಗ್ರಾಮೋದ್ಯೋಗ ಮತ್ತು ಸಣ್ಣ ಕೈಗಾರಿಕೆಗಳಿಗೆ ಎರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಸ್ಥಾನವನ್ನು ಕೋರಿತು. ಸಮಿತಿಗಳು ವಾದಿಸುತ್ತಿದ್ದಾಗ ಕಾರಖಾನೆದಾರನು ತನ್ನ ದಾರಿಯನ್ನು ತಾನೇ ಹುಡುಕಿಕೊಂಡನು. ಪಶ್ಚಿಮ ಭಾರತದ ಗಿರಣಿಗಳು ಹಳತೆಂದು ತೆಗೆದುಹಾಕಿದ ಮಗ್ಗಗಳು ಸಣ್ಣವರ ಷೆಡ್ಡುಗಳಿಗೆ ಬಂದವು. ಒಂಬತ್ತು ಗಜದ ಸೀರೆಯ ಕಾಲ ಹಿಂದೆ ಸರಿಯುತ್ತಿದ್ದಂತೆ ಸೊಲ್ಲಾಪುರ ಚಾದರಕ್ಕೂ ಟವೆಲಿಗೂ ತಿರುಗಿತು. ಜಕಾರ್ಡ್ ಮಗ್ಗದಲ್ಲಿ ನವಿಲು, ಹೂವು, ಗೋಪುರಗಳ ಚಿತ್ರ ತೆಗೆದ ದಪ್ಪ ಹತ್ತಿಯ ‘ಸೊಲ್ಲಾಪುರಿ ಚಾದರ’ ನಮ್ಮ ನಾಡಿನ ಯಾವ ಮನೆಯಲ್ಲಿ ಇಲ್ಲ? ೧೯೫೬ರಲ್ಲಿ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿದು ೧೯೬೦ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ನಕಾಶೆಯ ಮೇಲೆ ಗೆರೆ ಬಿದ್ದಿತು. ಚಾದರದ ಗಂಟು ಮಾತ್ರ ಎಂದಿನಂತೆ ಗೆರೆ ದಾಟಿ ಹುಬ್ಬಳ್ಳಿಗೂ ಗದಗಿಗೂ ಹೋಗುತ್ತಲೇ ಇತ್ತು.

ಶತಮಾನದ ಕೊನೆಯ ದಶಕಗಳಲ್ಲಿ ದೊಡ್ಡ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಗಿರಣಿಗಳ ಮೇಲೆಯೇ ನಿಂತ ಊರಾಗಿದ್ದರೆ ಸೊಲ್ಲಾಪುರ ಅಂದೇ ಹಾಳುಬೀಳಬೇಕಾಗಿತ್ತು. ಕಷ್ಟವೇನೂ ಕಡಿಮೆಯಾಗಲಿಲ್ಲ, ಯುವಕರು ಪುಣೆಗೂ ಮುಂಬಯಿಗೂ ಕೆಲಸ ಹುಡುಕಿಕೊಂಡು ಹೋದರು, ಇಂದೂ ಹೋಗುತ್ತಿದ್ದಾರೆ. ಆದರೂ ಊರು ಹಾಳಾಗಲಿಲ್ಲ. ೧೯೦೧ರ ಗಣತಿಯಲ್ಲಿ ೭೫,೨೮೮ ಇದ್ದ ಜನಸಂಖ್ಯೆ ೨೦೧೧ರಲ್ಲಿ ೯,೫೧,೫೫೮ ಆಗಿತ್ತು. ವಿದ್ಯುತ್ ಮಗ್ಗ, ಟವೆಲು, ಶಾಲೆಯ ಸಮವಸ್ತ್ರ ಹೊಲಿಯುವ ಘಟಕಗಳು, ಬೀಡಿ, ಕೃಷಿ ಮಾರುಕಟ್ಟೆಯ ಅಡತಿ: ಇವೆಲ್ಲ ಸೇರಿ ಭಾರವನ್ನು ಹಂಚಿಕೊಂಡವು. ಮನೆಯ ಹೆಂಗಸರು ಬಡಿದು ಒಣಗಿಸಿದ ಕಡಕ್ ರೊಟ್ಟಿ, ಒರಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿಗಳೂ ಪೊಟ್ಟಣ ಸೇರಿ ದೂರದ ಊರುಗಳಿಗೆ ಹೋಗುವ ಸರಕಾದವು.

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಸಣ್ಣ ವ್ಯವಹಾರದ ಸ್ತೋತ್ರವಾಗುವುದು, ಚರಿತ್ರೆಯಾಗದು. ಸಣ್ಣ ಕಾರಖಾನೆ ಉಳಿದುದು ಜಾಣತನದಿಂದ ಮಾತ್ರವಲ್ಲ, ತನ್ನ ನಷ್ಟವನ್ನು ತನಗಿಂತ ಕೆಳಗಿನವನ ಮೇಲೆ ಹಾಕುವುದರಿಂದಲೂ ಹೌದು. ನೂಲಿನ ಬೆಲೆ ಏರಿದಾಗ ಕೂಲಿ ಇಳಿಯಿತು. ಬೇಡಿಕೆ ಇಳಿದಾಗ ಮಗ್ಗ ನಿಂತಿತು, ನಿಂತ ದಿನದ ಕೂಲಿ ಇಲ್ಲ. ಮದುವೆಗೋ ರೋಗಕ್ಕೋ ತೆಗೆದುಕೊಂಡ ಮುಂಗಡ ತೀರುವವರೆಗೆ ನೇಕಾರನು ಯಜಮಾನನನ್ನು ಬಿಡುವಂತಿರಲಿಲ್ಲ. ಎಷ್ಟೋ ಜನ ಮಗ್ಗದ ಪಕ್ಕದಲ್ಲಿಯೇ ಮಲಗಿ ಎದ್ದರು. ಗಿರಣಿಯ ಕಾರ್ಮಿಕನಿಗೆ ಸಂಘವಿತ್ತು, ಮುಷ್ಕರವಿತ್ತು, ಕಾಯದೆಯ ರಕ್ಷಣೆಯಿತ್ತು. ಓಣಿಯ ಕಾರಖಾನೆಯ ಕೂಲಿಗೆ ಅದು ಬಹುಕಾಲ ಎಟುಕಲಿಲ್ಲ. ನೂರು ಗಳುಗಳ ಚಪ್ಪರವೆಂದೆನಷ್ಟೆ. ಗಾಳಿ ಬೀಸಿದಾಗ ಬಾಗಿದುದು ಅತ್ಯಂತ ತೆಳುವಾದ ಗಳುವೇ.

ಬೀಡಿಯ ಕಥೆ ಇದಕ್ಕೆ ಸಾಕ್ಷಿ. ಗಂಡಸು ಮಗ್ಗದಲ್ಲಿ ದುಡಿದರೆ ಹೆಂಗಸು ಮೊರದಲ್ಲಿ ಎಲೆಯನ್ನೂ ತಂಬಾಕನ್ನೂ ಇಟ್ಟುಕೊಂಡು ಬೀಡಿ ಕಟ್ಟುವಳು. ಅನೇಕ ಸಂಸಾರಗಳಲ್ಲಿ ತಪ್ಪದೆ ಬರುತ್ತಿದ್ದ ಆದಾಯ ಅವಳದೊಂದೇ. ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯದೆ ೧೯೬೬ರಲ್ಲಿ ಬಂದಿತು. ಕಾಯದೆ ಬಂದರೂ ಅದರ ಫಲ ತಾನಾಗಿ ಮನೆಗೆ ಬರಲಿಲ್ಲ. ದಶಕಗಳ ಕಾಲ ಈ ಹೆಂಗಸರೇ ಸಂಘಟಿತರಾಗಿ ಬೀದಿಗಿಳಿದರು. ಅವರ ಹೋರಾಟದಿಂದ ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ ಬೀಡಿ ಕಟ್ಟುವವರಿಗಾಗಿ ೧೦,೦೦೦ ಮನೆಗಳ ಗೋದುತಾಯಿ ಪರುಳೇಕರ ವಸತಿ ಎದ್ದಿತು. ೨೦೦೬ರಲ್ಲಿ ಆ ಮನೆಗಳು ಅವರ ಕೈಸೇರಿದವು. ೨೦೨೪ರ ಜನವರಿಯಲ್ಲಿ ರೇನಗರದ ೧೫,೦೦೦ ಮನೆಗಳನ್ನು ಮಗ್ಗದ ಕೂಲಿಗಳು, ಬೀಡಿ ಕಟ್ಟುವವರು, ಚಿಂದಿ ಆಯುವವರು, ಬೀದಿ ವ್ಯಾಪಾರಿಗಳು ಮೊದಲಾದವರಿಗೆ ಕೊಡಲಾಯಿತು. ನೂರಾರು ವರ್ಷ ಊರನ್ನು ಉಡಿಸಿದವರಿಗೆ ಸ್ವಂತದ ಗೋಡೆ ಸಿಕ್ಕಲು ಇಷ್ಟು ಕಾಲ ಹಿಡಿಯಿತು. ಸ್ಥಳೀಯ ಅಭಿವೃದ್ಧಿಯನ್ನು ಅಳೆಯಲು ಮಗ್ಗಗಳ ಲೆಕ್ಕದ ಜೊತೆಗೆ ಈ ಗೋಡೆಗಳ ಲೆಕ್ಕವನ್ನೂ ಹಿಡಿಯಬೇಕು.

ಇಂದಿನ ಸ್ಥಿತಿಯನ್ನೂ ನಾಲ್ಕು ಮಾತಿನಲ್ಲಿ ಹೇಳುವುದು ಅವಶ್ಯ. ಸೊಲ್ಲಾಪುರಿ ಚಾದರಕ್ಕೂ ಟವೆಲಿಗೂ ಊರಿನ ಹೆಸರಿನ ಕಾನೂನು ರಕ್ಷಣೆ, ಅಂದರೆ ಭೌಗೋಳಿಕ ಸೂಚಕದ ನೋಂದಣಿ, ೨೦೦೫ರ ಸುಮಾರಿಗೆ ಸಿಕ್ಕಿತು. ಆದರೂ ಪಾಣಿಪತ್ತಿನ ಅಗ್ಗದ ಚಾದರ ಸೊಲ್ಲಾಪುರದ ಹೆಸರಿನಲ್ಲಿಯೇ ಮಾರಾಟವಾಗುವುದೆಂಬ ದೂರು ನಿಂತಿಲ್ಲ. ಸಣ್ಣ ಉದ್ಯಮದವನಿಗೆ ಮಾಲಿನ ಹಣವನ್ನು ೪೫ ದಿನಗಳ ಒಳಗೆ ಕೊಡಬೇಕೆಂದು ೨೦೦೬ರ ಕಾಯದೆ ಹೇಳುವುದು. ದೊಡ್ಡ ಗಿರಾಕಿಯನ್ನು ಕಳೆದುಕೊಳ್ಳುವ ಭಯವಿರುವವನು ಆ ಕಾಯದೆಯನ್ನು ಹಿಡಿದು ಬಾಗಿಲು ತಟ್ಟುವನೇ? ೨೦೧೬ರ ನೋಟು ರದ್ದತಿ ಬಟವಾಡೆಯ ರೋಖವನ್ನೇ ತಡೆಯಿತು. ೨೦೨೦ರ ಮಹಾಮಾರಿ ಮಗ್ಗವನ್ನೂ ಮಾರುಕಟ್ಟೆಯನ್ನೂ 	ಒಟ್ಟಿಗೆ ಮುಚ್ಚಿಸಿತು. ಎರಡು ಸಲವೂ ಮೊದಲು ಬಾಗಿದುದು ಆ ತೆಳುವಾದ ಗಳುವೇ.

ಈ ವೃತ್ತಾಂತದಿಂದ ತಿಳಿಯಬೇಕಾದುದು ಇಷ್ಟು. ಸಣ್ಣ ವ್ಯವಹಾರವು ಊರಿಗೆ ಅಗಲವಾದ ಬುನಾದಿಯನ್ನು ಕೊಡುವುದು. ಹಣವನ್ನು ಊರಿನಲ್ಲಿ ತಿರುಗಿಸುವುದು, ಕೈಯ ಹದವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವುದು, ದೊಡ್ಡದು ಬಿದ್ದಾಗ ಬಿದ್ದವರನ್ನು ಎತ್ತಿಕೊಳ್ಳುವುದು ಅದರ ಗುಣ. ಆದರೆ ಆ ಬುನಾದಿ ಗಟ್ಟಿಯಾಗಬೇಕಾದರೆ ಸಕಾಲಕ್ಕೆ ನ್ಯಾಯವಾದ ಸಾಲ, ಮಾಲಿಗೆ ತಡವಿಲ್ಲದ ಹಣ, ಕೂಲಿಗೆ ಲಿಖಿತ ಲೆಕ್ಕ, ತಲೆಯ ಮೇಲೆ ಸೂರು ಇವು ಬೇಕು. ಇವಿಲ್ಲದೆ ಸಣ್ಣದನ್ನು ಹೊಗಳುವುದು ಬಡತನವನ್ನು ಹೊಗಳಿದಂತೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದರಲ್ಲಿ ಇನ್ನೂ ಒಂದು ಮಾತು ಇದೆ. ಶಾಲೆಯಲ್ಲಿ, ಸಭೆಯಲ್ಲಿ, ಕಾಗದಪತ್ರದಲ್ಲಿ ಕನ್ನಡ ಉಳಿಯಬೇಕೆಂದು ನಾವು ದುಡಿಯುತ್ತೇವೆ, ದುಡಿಯಲೇಬೇಕು. ಆದರೆ ಸೊಲ್ಲಾಪುರದಲ್ಲಿ ಕನ್ನಡ ಇಷ್ಟು ಕಾಲ ಬಾಳಿದುದಕ್ಕೆ ಅಡತಿಯ ಕಟ್ಟೆ, ಖಾನಾವಳಿಯ ಪಂಕ್ತಿ, ಜಾತ್ರೆಯ ಸಂತೆಗಳ ಋಣವೂ ದೊಡ್ಡದು. ಹಳ್ಳಿಯ ರೈತನೊಡನೆ ಅವನ ಮಾತಿನಲ್ಲಿ ದರ ಕುದುರಿಸುವ ಅಂಗಡಿ ಇರುವವರೆಗೆ ಆ ಮಾತಿಗೆ ಅನ್ನವುಂಟು. ನಮ್ಮ ಊರುಗಳ ಸಣ್ಣ ಅಂಗಡಿಗಳ, ಮಗ್ಗಗಳ, ಸಂತೆಗಳ ಚರಿತ್ರೆಯನ್ನು ನಡೆಸಿದವರು ಇನ್ನೂ ಇರುವಾಗಲೇ ಕೇಳಿ ಬರೆದಿಡುವುದು ನಮ್ಮಂಥ ಸಂಘಗಳು ಮಾಡಬಹುದಾದ ಕೆಲಸ. ಹಳೆಯ ಕಿರ್ದಿ-ಖಾತೆಯ ಪುಸ್ತಕಗಳು ಅನೇಕ ಮನೆಗಳ ಅಟ್ಟದ ಮೇಲಿವೆ. ಅವುಗಳಲ್ಲಿ ಯಾವ ಊರಿಗೆ ಎಷ್ಟು ಸೀರೆ ಹೋಯಿತು, ಯಾವ ಬರಗಾಲದಲ್ಲಿ ಯಾರ ಬಾಕಿ ನಿಂತಿತು, ಯಾರದು ಮನ್ನಾ ಆಯಿತು ಎಂಬುದು ಅಂಕಿಗಳಲ್ಲಿ ಬರೆದಿದೆ. ಗೆದ್ದಲು ಓದುವ ಮೊದಲು ಅವನ್ನು ನಾವು ಓದಬೇಕು.